ಅರ್ಧ ಮೈಲಿ, ಮೂವತ್ತು ಸೆಕೆಂಡು

"ಎಂಜಿನ್ ನಾ ಕಟ್ಟತೀನಿ, ಓಡಸಾಂವ ನೀ. ನಿನ್ನ ಬಿಟ್ಟು ಮತ್ತೊಬ್ಬರ ಕುಂಡಿ ಈ ಸೀಟಿಗೆ ತಾಗಂಗಿಲ್ಲ. ತಗೋ, ಮಾತು."

ಹೀಗೆಂದು ಮಹಾದೇವಪ್ಪ ಪುಂಡರೀಕಾಕ್ಷ ಭಟ್ಟನ ಅಂಗೈ ಮೇಲೆ ತನ್ನ ಅಂಗೈ ಬಡಿದದ್ದು 1972ರ ದೀಪಾವಳಿ ಮುಗಿದ ಮರುದಿನ, ಠಾಣೆ ಪಟ್ಟಣದಲ್ಲಿ ತಲಾವು ಎನ್ನುವ ಕೆರೆಯ ಪಕ್ಕದ ಉಡುಪಿ ಹೋಟೆಲಿನ ಹಿತ್ತಿಲಲ್ಲಿ, ಎರಡು ರುಬ್ಬುಕಲ್ಲುಗಳ ನಡುವೆ. ಒಬ್ಬನ ಕೈಗೆ ಗ್ರೀಸು ಹತ್ತಿತ್ತು, ಇನ್ನೊಬ್ಬನ ಕೈಗೆ ಉದ್ದಿನ ಹಿಟ್ಟು. ಸೀಟು ಅಂದದ್ದು ಬಾಯಿಮಾತಿಗಷ್ಟೆ. ಆಗ ಅಲ್ಲಿ ಸೀಟೇ ಇರಲಿಲ್ಲ. ಇದ್ದದ್ದು ತುಕ್ಕು ಹಿಡಿದ ಒಂದು ಚೌಕಟ್ಟು, ಒಂದೂವರೆ ಚಕ್ರ, ಮತ್ತು ಸುಲಿಯದ ತೆಂಗಿನಕಾಯಿಗಿಂತ ತುಸು ದೊಡ್ಡದಾದ ಒಂದು ಎಂಜಿನ್ನು.

ಆ ಮೋಟರ್‌ಸೈಕಲ್ಲನ್ನು ಹುಡುಕಿ ತಂದವನು ಭಟ್ಟ. ಮಹಾಯುದ್ಧದ ಕಾಲದಲ್ಲಿ ವಿಮಾನದಿಂದ ಪ್ಯಾರಾಚೂಟು ಕಟ್ಟಿ ಸಿಪಾಯಿಗಳಿಗೆ ಇಳಿಸಿಕೊಡಲೆಂದೇ ವಿಲಾಯತಿಯಲ್ಲಿ ಮಾಡಿದ ಜಾತಿ ಅದು. ನೂರಿಪ್ಪತ್ತೈದು ಸಿಸಿ, ಮೂರು ಗೇರು, ಮೂರೂವರೆ ಕುದುರೆಯ ಬಲ. ಸೈನ್ಯ ಎದ್ದುಹೋದ ಮೇಲೆ ಕಲ್ಯಾಣ್ ಕ್ಯಾಂಪಿನ ಗುಜರಿಗಳಲ್ಲಿ ಉಳಿದುಹೋದ ಸಾಮಾನುಗಳಲ್ಲಿ ಅದೂ ಒಂದು. ಭಟ್ಟ ಅದನ್ನು ಲೋಕಲ್ ಟ್ರೇನಿನ ಲಗೇಜ್ ಡಬ್ಬಿಯಲ್ಲಿ, ಮೀನಿನ ಬುಟ್ಟಿಗಳ ಮಧ್ಯೆ ನಿಂತು, ಹೆಗಲ ಮೇಲಿನ ಬೈರಾಸನ್ನು ಮೂಗಿಗೆ ಒತ್ತಿಕೊಂಡು ಠಾಣೆಗೆ ತಂದಿದ್ದ.

"ಮಾವನಿಗೆ ಗೊತ್ತಾದರೆ ನನ್ನನ್ನು ಅಡುಗೆಮನೆಗೆ ಬಿಡ್ಲಿಕ್ಕಿಲ್ಲ ಮಾರಾಯ. ಎರಡು ಸಲ ಸ್ನಾನ ಮಾಡಿದೆ, ಇನ್ನೂ ಬಂಗುಡೆ ವಾಸನೆ ಹೋಗ್ಲಿಲ್ಲ" ಎಂದು ಅವನು ಹೇಳಿದ್ದ.

ಭಟ್ಟನಿಗೆ ಆಗ ಇಪ್ಪತ್ನಾಲ್ಕು. ಉಡುಪಿಯ ಕಡೆಯಿಂದ ಮಾವನ ಹೋಟೆಲಿಗೆ ಬಂದು ಗಲ್ಲಾದ ಹಿಂದೆ ಕೂತವನು. ಬಡಕಲು ದೇಹ, ಐವತ್ತೆರಡು ಕಿಲೋ. ಮಹಾದೇವಪ್ಪ ವಿಜಾಪುರದ ಕಡೆಯವನು, ವಾಗ್ಳೆ ಎಸ್ಟೇಟಿನ ಕಾರ್ಖಾನೆಯಲ್ಲಿ ಲೇತು ಓಡಿಸುವ ಟರ್ನರ್. ಡೊಂಬಿವಲಿಯ ಚಾಳಿನಲ್ಲಿ ಒಂದು ಖೋಲಿ, ಹೆಂಡತಿ ಮಾನಮ್ಮ, ಆರು ವರ್ಷದ ಮಗಳು ಪ್ರಭಾ. ಹೋಟೆಲಿನ ನೀರಿನ ಪಂಪು ಕೆಟ್ಟಾಗ ಅರ್ಧ ಗಂಟೆಯಲ್ಲಿ ಸರಿಮಾಡಿ, ಕೊಟ್ಟ ಮಸಾಲೆ ದೋಸೆ ತಿಂದು, "ಪಂಪಿಗೆ ನೀರಿನ ಚಿಂತಿ ಇಲ್ಲ ಭಟ್ಟ, ಅದಕ್ಕ ಎಣ್ಣಿ ಚಿಂತಿ" ಎಂದು ಬುದ್ಧಿ ಹೇಳಿ ಹೋದಂದಿನಿಂದ ಇಬ್ಬರಿಗೂ ಬಿಡದ ನಂಟು.

ಹುಚ್ಚು ಹತ್ತಿಸಿದ್ದು ಒಂದು ಚಿತ್ರ. ಯಾರೋ ಗಿರಾಕಿ ಮೇಜಿನ ಮೇಲೆ ಬಿಟ್ಟುಹೋದ ಫಾರಿನ್ ಪತ್ರಿಕೆಯಲ್ಲಿ ಬೆಳ್ಳಗಿನ ಬಯಲು, ಅದರ ಮೇಲೆ ಒಂದು ಚಿಕ್ಕ ಮೋಟರ್‌ಸೈಕಲ್ಲು, ಅದರ ಮೇಲೆ ಹಲ್ಲಿಯ ಹಾಗೆ ಅಂಟಿ ಮಲಗಿದ ಒಬ್ಬ ಮನುಷ್ಯ. ಅಮೇರಿಕದ ಉಪ್ಪಿನ ಬಯಲಂತೆ. ಅಲ್ಲಿ ಜನ ಹಳೆಯ ಸಣ್ಣ ಎಂಜಿನ್ನುಗಳನ್ನು ಮನೆಯಲ್ಲೇ ಕಟ್ಟಿಕೊಂಡು ಬಂದು ಒಬ್ಬೊಬ್ಬರಾಗಿ ಓಡುತ್ತಾರಂತೆ. ಪಕ್ಕದಲ್ಲಿ ಯಾರೂ ಇಲ್ಲ, ಪೈಪೋಟಿ ಗಡಿಯಾರದ ಜೊತೆ ಮಾತ್ರ. ಭಟ್ಟ ಆ ಚಿತ್ರವನ್ನು ಕತ್ತರಿಸಿ ಗಲ್ಲಾದ ಮೇಲೆ, ಕೃಷ್ಣನ ಪಟದ ಕೆಳಗೆ ಅಂಟಿಸಿದ. ಮಹಾದೇವಪ್ಪ ಅದನ್ನು ಮೂರು ದಿನ ನೋಡಿ ನಾಲ್ಕನೆಯ ದಿನ ಕೇಳಿದ.

"ನಮ್ಮದು ಈಗ ಎಷ್ಟು ಓಡತದ?"

"ಹೊಸದಿದ್ದಾಗ ಗಂಟೆಗೆ ನಲವತ್ತು ಮೈಲಿಯಂತೆ."

"ಅರವತ್ತು ಓಡಸೋಣು. ನಿಮಿಷಕ್ಕ ಒಂದು ಮೈಲಿ."

"ಮೈಲಿ ಉದ್ದದ ನೆಟ್ಟಗಿನ ರಸ್ತೆ ಎಲ್ಲುಂಟು ನಿನ್ನ ಡೊಂಬಿವಲಿಯಲ್ಲಿ?"

"ಅರ್ಧ ಮೈಲಿ ಸಿಗತದಲ್ಲ. ಅರ್ಧ ಮೈಲಿ, ಮೂವತ್ತು ಸೆಕೆಂಡು."

ಗುರಿ ಅಷ್ಟೇ. ಹೇಳಲಿಕ್ಕೆ ಒಂದು ಉಸಿರು ಸಾಕಾಗಿತ್ತು. ಮಾಡಲಿಕ್ಕೆ ಹನ್ನೆರಡು ವರ್ಷ ಹಿಡಿಯಿತು.

ಹಿಡಿಯದೆ ಏನು. ಕಾರ್ಖಾನೆಗೆ ವಾರದ ರಜೆ ಶುಕ್ರವಾರ. ಆ ಭಾಗದ ಕಾರ್ಖಾನೆಗಳಿಗೆಲ್ಲ ಕರೆಂಟು ನಿಲ್ಲುವುದು ಅಂದೇ. ಹೋಟೆಲಿಗೆ ರಜೆ ಎಂಬುದೇ ಇಲ್ಲ. ಶುಕ್ರವಾರ ಮಧ್ಯಾಹ್ನ ಮೂರರಿಂದ ನಾಲ್ಕು, ಊಟದ ಗಿರಾಕಿ ಹೋಗಿ ಚಹಾದ ಗಿರಾಕಿ ಬರುವ ಮುಂಚೆ, ಇಬ್ಬರಿಗೂ ಸಿಗುವುದು ಒಂದೇ ಒಂದು ತಾಸು. ಆ ತಾಸಿನಲ್ಲೇ ಎಂಜಿನ್ನು ಬಿಚ್ಚಬೇಕು, ನೋಡಬೇಕು, ಜಗಳವಾಡಬೇಕು, ಮುಚ್ಚಬೇಕು. ಮುಚ್ಚಿದ ಮೇಲೆ ಮಹಾದೇವಪ್ಪ ಕಿಸೆಯ ಪೊಟ್ಟಣದಿಂದ ವಿಭೂತಿ ತೆಗೆದು ಎಂಜಿನ್ನಿನ ಹೊಟ್ಟೆಗೆ ಮೂರು ಬೆರಳು ಎಳೆಯುತ್ತಿದ್ದ. "ಅದಕ್ಕೊಂದು ಮುದ್ರೆ ಕೂಡ ಹಾಕುವ, ನಮ್ಮ ಕಡೆಯದ್ದೂ ಇರಲಿ" ಎಂದು ಭಟ್ಟ ಗಂಧ ತರಲು ಏಳುತ್ತಿದ್ದ. ತಂದದ್ದು ಒಂದು ಸಲವೂ ಇಲ್ಲ, ಅಷ್ಟರಲ್ಲಿ ಗಿರಾಕಿ ಬಂದುಬಿಡುತ್ತಿದ್ದರು.

ಆ ಎಂಜಿನ್ನಿಗೆ ಪಿಸ್ಟನ್ನು ಎಲ್ಲೂ ಸಿಗಲಿಲ್ಲ. ಕಡೆಗೆ ಮಹಾದೇವಪ್ಪ ತಾನೇ ಎರಕ ಹೊಯ್ದ. ಸವೆದ ಸ್ಕೂಟರ್ ಪಿಸ್ಟನ್ನುಗಳನ್ನು ಹೋಟೆಲಿನ ಇದ್ದಿಲ ಒಲೆಯಲ್ಲಿ ಕರಗಿಸಿ, ಊರಿಗೆ ತಾಗಿದ ಖಾಡಿಯ ಹಿನ್ನೀರಿನ ಮರಳಿನ ಅಚ್ಚಿಗೆ ಹೊಯ್ಯುವುದು. ತಣ್ಣಗಾದ ಮೇಲೆ ಮುರಿದು ನೋಡಿದರೆ ಒಳಗೆಲ್ಲ ಗುಳ್ಳೆ.

"ಹಿಟ್ಟು ಹುಳಿ ಜಾಸ್ತಿಯಾಯಿತು" ಎಂದು ಭಟ್ಟ ನಗುತ್ತಿದ್ದ. "ಇಡ್ಲಿಗಾದರೆ ಗುಳ್ಳೆ ಒಳ್ಳೆದು ಮಾರಾಯ, ಇದಕ್ಕೆ ಬೇಡ."

ಹನ್ನೊಂದು ಕೆಟ್ಟವು. ಹನ್ನೆರಡನೆಯದು ಗಟ್ಟಿಯಾಗಿ ಬಂತು. ಅದನ್ನು ಕಾರ್ಖಾನೆಯ ಲೇತಿನಲ್ಲಿ ಊಟದ ಬಿಡುವಿನಲ್ಲಿ ತಿರುಗಿಸಿ ಅಳತೆಗೆ ತರಲು ಇನ್ನೊಂದು ವರ್ಷ. ಸಿಲಿಂಡರಿನ ಕಿಂಡಿಗಳನ್ನು, ಹೊಗೆ ಹೊರಹೋಗುವುದನ್ನೂ ಗಾಳಿ ಒಳಬರುವುದನ್ನೂ, ಅರದಿಂದ ಉಜ್ಜಿ ಕೂದಲೆಳೆಯಷ್ಟು ಎತ್ತರಿಸುವುದು ಅವನಿಗಿಂತ ಪ್ರಭಾಳ ಕೈಯಲ್ಲಿ ಚೆನ್ನಾಗಿ ಬರುತ್ತಿತ್ತು. ಅವಳ ಬೆರಳು ಸಣ್ಣವು, ಒಳಗೆ ಹೋಗುತ್ತಿದ್ದವು. ಐದನೆಯ ಇಯತ್ತೆಯಲ್ಲಿದ್ದಾಗಲೇ ಕಣ್ಣು ಮುಚ್ಚಿ ಕಿಂಡಿಯ ಅಂಚು ಸವರಿ, "ಬಾಬಾ, ಇಥೆ ಖರಖರೀತ್ ಆಹೆ" ಎಂದು ತೋರಿಸುತ್ತಿದ್ದಳು. ಎಲ್ಲಿ ತರಿತರಿ ಇದೆ ಎಂಬುದು ಅವನ ಕಣ್ಣಿಗಿಂತ ಮೊದಲು ಅವಳ ಬೆರಳಿಗೆ ತಿಳಿಯುತ್ತಿತ್ತು. ಅವಳು ಉತ್ತರ ಕೊಡುವುದು ಯಾವಾಗಲೂ ಮರಾಠಿಯಲ್ಲಿ. ಅವನು ಕೇಳುವುದು ಕನ್ನಡದಲ್ಲಿ. ಎಂಜಿನ್ನಿನ ಮಟ್ಟಿಗೆ ಅದರಿಂದ ಏನೂ ತೊಂದರೆಯಾಗಲಿಲ್ಲ.

ಒಂದು ಸಲ, ಎಪ್ಪತ್ತೈದರಲ್ಲಿರಬೇಕು, ಭಟ್ಟ ಘಣಸೋಲಿಯ ಕಡೆ ಉಪ್ಪಿನ ಆಗರ ಇದೆಯೆಂದು ಪತ್ತೆ ಹಚ್ಚಿದ. "ಅಮೇರಿಕ ಯಾಕೆ, ಖಾಡಿಯ ಆಚೆಯೇ ಉಪ್ಪುಂಟು!" ಇಬ್ಬರೂ ಬಸ್ಸು ಹತ್ತಿ ಹೋದರು. ದೂರದಿಂದ ಬಯಲು ಚಿತ್ರದಲ್ಲಿದ್ದ ಹಾಗೆಯೇ ಬೆಳ್ಳಗಿತ್ತು. ಭಟ್ಟ ಪಂಚೆ ಎತ್ತಿ ಕಟ್ಟಿ ಆಸೆಯಿಂದ ಕಾಲಿಟ್ಟ. ಮೊಣಕಾಲಿನವರೆಗೆ ಕೆಸರು. ಅವನನ್ನು ಎಳೆದು ತೆಗೆಯಲು ಇಬ್ಬರು ಉಪ್ಪಿನವರು ಬರಬೇಕಾಯಿತು, ಒಂದು ಚಪ್ಪಲಿ ಈಗಲೂ ಅಲ್ಲೇ ಇರಬೇಕು. ಹಿಂದಿರುಗುವಾಗ ಬಸ್ಸಿನಲ್ಲಿ ಮಹಾದೇವಪ್ಪ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡ. ಈಗ ನೆನೆದರೆ, ಆ ದಿನಗಳಲ್ಲಿ ಮೈಯಲ್ಲಿ ಎಷ್ಟು ದಣಿವಿರುತ್ತಿತ್ತು ಎಂಬುದು ನೆನಪಾಗುವುದಿಲ್ಲ, ನಕ್ಕದ್ದು ಮಾತ್ರ ನೆನಪಾಗುತ್ತದೆ.

ಎಣ್ಣೆ ಮಾನಮ್ಮನ ತವರಿನದು. ಈ ಬಗೆಯ ಎಂಜಿನ್ನಿಗೆ ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸಿ ಕೊಡಬೇಕು. ಜೋರಾಗಿ ಓಡುವ ಎಂಜಿನ್ನಿಗೆ ಹರಳೆಣ್ಣೆಯೇ ಒಳ್ಳೆಯದೆಂದು ಭಟ್ಟ ಅದೇ ಪತ್ರಿಕೆಯಲ್ಲಿ ಓದಿದ್ದ. "ನೀ ಹರಳೆಣ್ಣಿ ಅನ್ನು, ಏನರ ಅನ್ನು, ನಮ್ಮನ್ಯಾಗ ಅದು ಔಡಲೆಣ್ಣಿ, ಬಾಣಂತಿ ತಲಿಗೆ ಹಚ್ಚೂದು" ಎಂದು ಮಾನಮ್ಮ ಗೊಣಗುತ್ತಲೇ ಊರಿನಿಂದ ಡಬ್ಬಿ ತರಿಸಿಕೊಟ್ಟಳು. ಎಂಜಿನ್ನು ಮೊದಲ ಸಲ ಹೊತ್ತಿಕೊಂಡ ದಿನ ರುಬ್ಬುಕಲ್ಲಿನ ಮೇಲೆ ಸಿಹಿಯಾದ ಹೊಗೆ ತುಂಬಿತು. ದೋಸೆ ತಿನ್ನುತ್ತಿದ್ದ ಗಿರಾಕಿಗಳು ಒಳಗೆ ಏನೋ ಹೊಸ ತಿಂಡಿ ಮಾಡುತ್ತಿದ್ದಾರೆ ಅಂದುಕೊಂಡರು.

ಭಟ್ಟ ಪ್ರತಿ ಶುಕ್ರವಾರ ಅದನ್ನು ನಿಂತಲ್ಲೇ ಎರಡು ನಿಮಿಷ ಓಡಿಸಿ, ಹೊಗೆಕೊಳವೆಯ ತುದಿಗೆ ಬೆರಳು ಸವರಿ, ಮೂಗಿಗೆ ಹಿಡಿಯುತ್ತಿದ್ದ. ಅದು ಅವನ ಅಭ್ಯಾಸ. ಬೋಂಡಾದ ಬಾಣಲೆ ಇರಲಿ, ಪೂರಿಯ ಬಾಣಲೆ ಇರಲಿ, ಎಣ್ಣೆ ಎಷ್ಟು ಸಲ ಕಾದಿದೆ, ಎಷ್ಟು ಹೊತ್ತು ಕಾದಿದೆ ಎಂಬುದನ್ನು ಅವನು ಬೆರಳು ಮೂಸಿ ಹೇಳುತ್ತಿದ್ದ. ಅಡುಗೆಭಟ್ಟರು ನಿನ್ನೆಯ ಎಣ್ಣೆಗೆ ಹೊಸದು ಬೆರೆಸಿದರೆ ಗಲ್ಲಾದಿಂದ ಎದ್ದು ಬಂದು ಚೆಲ್ಲಿಸುತ್ತಿದ್ದ.

ಹೀಗೆ ಎಂಜಿನ್ನು ಬಲಿಯುತ್ತಾ ಬಂತು. ಭಟ್ಟನೂ ಬಲಿಯುತ್ತಾ ಬಂದ.

ಮಾವ ತೀರಿಕೊಂಡ ಮೇಲೆ ಹೋಟೆಲು ಅವನದೇ ಆಯಿತು. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಸಾಂಬಾರು, ಚಟ್ನಿ, ಶಿರಾ, ಉಪ್ಪಿಟ್ಟು ಎಲ್ಲವನ್ನೂ ಯಜಮಾನ ಬಾಯಿಗೆ ಹಾಕಿ ಸೈ ಅನ್ನಬೇಕು. ಅದು ಮಾವ ಹಾಕಿಕೊಟ್ಟ ಪದ್ಧತಿ. ಹತ್ತು ವರ್ಷ ಸೈ ಅಂದದ್ದು ಸೊಂಟದಲ್ಲಿ ಕೂತಿತ್ತು. 1984ರ ಡಿಸೆಂಬರಿನಲ್ಲಿ ಮಹಾದೇವಪ್ಪ ಅವನನ್ನು ಅಕ್ಕಿ ಮೂಟೆ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದ.

"ಎಂಬತ್ತೊಂದು."

"ಕಲ್ಲು ಸರಿ ಇಲ್ಲ."

"ಕಲ್ಲು ಸರಿ ಅದ. ಅಂಗಿ ತೆಗಿ."

ಅಂಗಿ ತೆಗೆದ. "ಈಗ?"

"ಎಂಬತ್ತೊಂದು. ಜನಿವಾರನೂ ತೆಗಿ, ಒಂದು ಗುಂಜಿ ಕಡಿಮಿ ಆದೀತು."

"ನೀನು ಎಂಜಿನ್ ಕಟ್ಟು ಮಾರಾಯ. ನನ್ನನ್ನು ಕಟ್ಟಲಿಕ್ಕೆ ಬರಬೇಡ" ಎಂದು ಭಟ್ಟ ನಕ್ಕ. ನಕ್ಕರೂ ಅಂದಿನಿಂದ ರಾತ್ರಿ ಊಟ ಬಿಟ್ಟ, ಏಕಾದಶಿ ಹಿಡಿದ, ತಲಾವಿನ ಸುತ್ತ ನಡೆದ. ಜನವರಿಯಲ್ಲಿ ಮತ್ತೆ ತೂಗಿದಾಗ ಎಂಬತ್ತು. ಆ ಒಂದು ಕಿಲೋ ಇಳಿಸಿದ್ದಕ್ಕೆ ಅವನ ಮುಖದಲ್ಲಿ ಕಂಡ ಸಂತೋಷ ನೋಡಿ ಮಹಾದೇವಪ್ಪನಿಗೆ ಇನ್ನೇನೂ ಹೇಳಲು ಬಾಯಿ ಬರಲಿಲ್ಲ.

ಅದೇ ತಿಂಗಳು ರಸ್ತೆಯೂ ಸಿಕ್ಕಿತು. ಕಳಂಬೋಲಿಯಲ್ಲಿ ಕಬ್ಬಿಣದ ಪೇಟೆಗೆಂದು ಹೊಸ ರಸ್ತೆಗಳನ್ನು ಹಾಕಿದ್ದರು. ಅಗಲವಾಗಿ, ನೆಟ್ಟಗೆ, ಎರಡೂ ಬದಿಗೆ ನಂಬರು ಬರೆದ ಖಾಲಿ ಪ್ಲಾಟು. ಅಲ್ಲಿ ಹಮಾಲರ ಟೋಳಿಯನ್ನು ನಡೆಸುವ ಮುಕಾದಮನಾಗಿದ್ದವನು ಕಲಬುರಗಿಯ ಹಣಮಂತ್ರಾಯ. ಎಂಜಿನ್ನಿನ ಹೊಗೆಕೊಳವೆಗೆ ತಗಡು ಕೊಟ್ಟವನು ಅವನೇ. ಫೆಬ್ರವರಿಯ ಎರಡನೆಯ ವಾರ ಅವನು ಡೊಂಬಿವಲಿಗೆ ಬಂದು ಹೇಳಿದ.

"ಮಾಸ್ತರ, ಬರೂ ಸೋಮವಾರ ಟ್ರಕ್ ಬಿಡತಾರ ನೋಡ್ರಿ. ಆಮ್ಯಾಲ ಆ ರೋಡಿನ್ಯಾಗ ನಾಯಿ ಸುದ್ದಾ ಅಡ್ಡ ದಾಟಂಗಿಲ್ಲ. ಏನ್ ಓಡಸ್ತೀರಿ ಇದೇ ಐತವಾರ ಓಡಸ್ರಿ. ನಮ್ಮ ಟೆಂಪೋ ಅದ, ನಾ ಒಯ್ತೀನಿ."

ಭಾನುವಾರ ಎಂದು ನಿಶ್ಚಯವಾಯಿತು. ಮಹಾದೇವಪ್ಪ ಅಂದಿನ ಪಾಳಿಗೆ ರಜೆ ಹಾಕಿದ. ಕೊನೆಯ ಕೆಲಸಕ್ಕೆ ಬೈಕು ಡೊಂಬಿವಲಿಯ ಚಾಳಿನ ಪಡಸಾಲೆಗೆ ಬಂದಿತ್ತು. ಗುರುವಾರ ಸಂಜೆ, ನಳದ ನೀರು ಹಿಡಿಯುವ ಹೆಂಗಸರ ಬೈಗುಳದ ನಡುವೆ, ಮಹಾದೇವಪ್ಪ ಅದನ್ನು ಒಮ್ಮೆ ಶುರು ಮಾಡಿದ. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಕೆಯನ್ನು ಕಿವಿಗೂ ಒತ್ತಿ ಆಲಿಸಿದ. ಆಳದಲ್ಲಿ, ಬಲು ಸಣ್ಣಗೆ, ಟಕ್ ಟಕ್ ಟಕ್. ಕೆಳಗಿನ ಬೇರಿಂಗು ಸಡಿಲಾಗಿತ್ತು. ನಲವತ್ತು ವರ್ಷದ ಹಳೆಯದು, ಅಂಥದು ಮತ್ತೆಲ್ಲೂ ಸಿಗುವುದಿಲ್ಲ. ಪೂರ್ತಿ ವೇಗದಲ್ಲಿ ಎರಡು ಓಟ, ಹೆಚ್ಚೆಂದರೆ ಮೂರು.

ಪ್ರಭಾ ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕೂತಿದ್ದಳು. ಈಗ ಅವಳಿಗೆ ಹತ್ತೊಂಬತ್ತು, ಕಾಲೇಜಿಗೆ ಹೋಗುತ್ತಾಳೆ, ತೂಕ ನಲವತ್ತೊಂದು ಕಿಲೋ. ಅಪ್ಪ ಶುಕ್ರವಾರಗಳಂದು ರಿಪೇರಿ ಮಾಡಿಕೊಡುವ ಪರರ ಮೋಟರ್‌ಸೈಕಲ್ಲುಗಳನ್ನೆಲ್ಲ ಎಮ್ಐಡಿಸಿ ಕೈಗಾರಿಕಾ ಪ್ರದೇಶದ ಖಾಲಿ ರಸ್ತೆಯಲ್ಲಿ ಓಡಿಸಿ ನೋಡುವವಳು ಅವಳೇ. ಇದೊಂದರ ಮೇಲೆ ಮಾತ್ರ ಎಂದೂ ಕೂತಿರಲಿಲ್ಲ.

"ಬಾಬಾ" ಅಂದಳು, "ಕಾಕಾ ಬಸಲೇ ತರ ಛಪ್ಪನ್ನ. ಮೀ ಬಸಲೇ ತರ ಸಾಠ."

ಭಟ್ಟಕಾಕಾ ಕೂತರೆ ಐವತ್ತಾರು, ತಾನು ಕೂತರೆ ಅರವತ್ತು. ಅವನೂ ಅದೇ ಲೆಕ್ಕವನ್ನು ಒಂದು ತಿಂಗಳಿನಿಂದ ಮನಸ್ಸಿನಲ್ಲೇ ಮಾಡಿ ಅಳಿಸುತ್ತಿದ್ದ. ತೂಕದ ಮಾತು ಹಾಗಿರಲಿ, ಭಟ್ಟನ ಭುಜ, ಭಟ್ಟನ ಹೊಟ್ಟೆ, ಅಷ್ಟನ್ನೂ ಮೂರೂವರೆಯಿಂದ ಏಳು ಕುದುರೆಗೆ ಏರಿಸಿದ ಆ ಬಡ ಎಂಜಿನ್ನು ಗಾಳಿಯಲ್ಲಿ ದೂಡಿಕೊಂಡು ಹೋಗಬೇಕು. ಆಗುವುದಿಲ್ಲ. ಭಾನುವಾರ ಭಟ್ಟ ಓಡಿಸುತ್ತಾನೆ, ಬೇರಿಂಗು ಹೋಗುತ್ತದೆ, ಸೋಮವಾರ ಟ್ರಕ್ಕು ಬರುತ್ತವೆ. ತಾನು ಕಟ್ಟಿದ್ದು ನಿಜವಾಗಿಯೂ ಅರವತ್ತರ ಎಂಜಿನ್ನೋ ಅಲ್ಲವೋ ಎಂಬುದು ಸಾಯುವವರೆಗೆ ಗೊತ್ತಾಗುವುದಿಲ್ಲ. ಹನ್ನೆರಡು ವರ್ಷ ಪಾಳಿ ಮುಗಿಸಿ, ಟ್ರೇನಿನಲ್ಲಿ ನಿಂತು ನಿದ್ದೆ ಮಾಡಿ, ರಜೆಯ ದಿನ ಮಕ್ಕಳು-ಮರಿ ಎನ್ನದೆ ಉಜ್ಜಿದ್ದು ಇದಕ್ಕಾಗಿಯೇ.

ಭಟ್ಟನನ್ನು ಕೇಳಬಹುದಿತ್ತು. ಕೇಳಿದ್ದರೆ ಅವನು ಹೂಂ ಅನ್ನುತ್ತಿದ್ದ. ಅದೇ ಮಹಾದೇವಪ್ಪನಿಂದ ಆಗದ ಕೆಲಸ. ಒಂದು ಕಿಲೋ ಇಳಿಸಿ ಹಿಗ್ಗಿದ ಆ ಮುಖಕ್ಕೆ ಎದುರಾಗಿ ನಿಂತು, ನೀನು ದಪ್ಪಗಾದೆ, ಇಳಿ ಅನ್ನುವುದು ಹೇಗೆ?

"ನಾಳೆ ಶುಕ್ರವಾರ" ಎಂದ ಮಾನಮ್ಮನಿಗೆ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಮಾತು ಕೊಟ್ಟಾಂವ ನೀ, ಮುರಿಯಾಂವನೂ ನೀನ. ನನ್ನೇನ್ ಕೇಳತಿ?"

"ಒಂದು ಬಿಳಿ ಚಾದರ ಬೇಕಿತ್ತು. ಮತ್ತ ಅದನ್ನ ಹಿಡಿಯಾಕ ಒಬ್ಬರು."

"ಬರ್ತೀನಿ. ಹುಡುಗಿ ಬಿದ್ರ ಎತ್ತಾಕರ ಯಾರರ ಬೇಕಲ್ಲ" ಎಂದಳು.

ಶುಕ್ರವಾರ ಬೆಳಿಗ್ಗೆ ಕಳಂಬೋಲಿಯಲ್ಲಿ, ಅರ್ಧ ಮೈಲಿ ಆಚೆ ಕಾಣುವಷ್ಟು ತೆಳುವಾದ ಮಂಜಿತ್ತು. ಹಣಮಂತ್ರಾಯ ಟೆಂಪೋ ನಿಲ್ಲಿಸಿ, ತಂಬಾಕು ತಿಕ್ಕುತ್ತಾ, "ನಾ ಏನೂ ನೋಡಿಲ್ರಿ. ನನ್ನ ಬಾಯಾಗ ತಂಬಾಕ ಅದ, ಮಾತು ಎಲ್ಲಿಂದ ಬರತದ" ಎಂದ. ಟೇಪು ಹಿಡಿದು ಅಳೆದು ಸುಣ್ಣದ ಗೆರೆ ಎಳೆದಿದ್ದ ಅರ್ಧ ಮೈಲಿಯ ಈ ತುದಿಯಲ್ಲಿ ಮಾನಮ್ಮ ಎರಡು ಕೈಯಲ್ಲೂ ಚಾದರ ಎತ್ತಿ ನಿಂತಳು. ಗಾಡಿ ಗೆರೆ ದಾಟುತ್ತಲೇ ಬಿಡಬೇಕು. ಆ ತುದಿಯಲ್ಲಿ ಮಹಾದೇವಪ್ಪ. ಶಾಲೆಯ ಪಿಟಿ ಮಾಸ್ತರರಿಂದ ಎರವಲು ತಂದ ಸ್ಟಾಪ್‌ವಾಚು ಅವನ ಕೈಯಲ್ಲಿ. ಚಾದರ ಬಿದ್ದಾಗ ಒತ್ತು, ಗಾಡಿ ತನ್ನ ಗೆರೆ ದಾಟಿದಾಗ ಒತ್ತು. ಪ್ರಭಾಳ ಕಾಲಿಗೆ ಎಟುಕುವಂತೆ ಫುಟ್‌ರೆಸ್ಟುಗಳನ್ನು ಎರಡು ತೂತು ಮುಂದಕ್ಕೆ ಜರುಗಿಸಿದ್ದ.

ಮೊದಲು ಸದ್ದು ಬಂತು. ದುಂಬಿಯ ಸದ್ದು, ಏರುತ್ತಾ ಏರುತ್ತಾ, ಇನ್ನು ಏರಲಾರದು ಅನ್ನುವಲ್ಲಿ ಮೂರನೆಯ ಗೇರಿಗೆ ಬಿದ್ದು ಮತ್ತೆ ಏರಿತು. ಚಾದರ ಬಿತ್ತು. ಅವನು ಒತ್ತಿದ. ಮಂಜಿನೊಳಗಿಂದ ಒಂದು ಚುಕ್ಕೆ, ಟಾಂಕಿಗೆ ಗಲ್ಲ ಅಂಟಿಸಿ ಮಲಗಿದ ಒಂದು ಹಲ್ಲಿ. ಗಲ್ಲಾದ ಮೇಲಿನ ಚಿತ್ರವೇ ಎದ್ದು ಬಂದ ಹಾಗೆ. ಅವಳು ದಾಟಿ ಹೋದಾಗ ಔಡಲೆಣ್ಣೆಯ ಸಿಹಿ ಹೊಗೆ ಅವನ ಮುಖಕ್ಕೆ ಬಡಿಯಿತು. ಒತ್ತಿದ್ದನೋ ಇಲ್ಲವೋ ಎಂದು ಒಂದು ಕ್ಷಣ ಗಾಬರಿಯಾಯಿತು. ಒತ್ತಿದ್ದ.

ಇಪ್ಪತ್ತೊಂಬತ್ತು, ಮೇಲೆ ಎರಡು ಗೆರೆ. ಐದು ಗೆರೆಗೆ ಒಂದು ಸೆಕೆಂಡು. ಗಂಟೆಗೆ ಅರವತ್ತೊಂದು ಮೈಲಿ.

ಪ್ರಭಾ ತಿರುಗಿಸಿಕೊಂಡು ಬಂದಳು. ವಾಚು ನೋಡಿದಳು. ಅಪ್ಪ-ಮಗಳು ಒಬ್ಬರ ಮುಖ ಒಬ್ಬರು ನೋಡಿದರು. ನಗಬೇಕೆಂದರೆ ಏಕೋ ಇಬ್ಬರಿಗೂ ಬರಲಿಲ್ಲ. 

"ಆತಾ ಕೋಣಾಲಾ ಸಾಂಗಾಯಚಂ?" ಎಂದಳು. ಈಗ ಯಾರಿಗೆ ಹೇಳುವುದು?

ಯಾರಿಗೂ ಹೇಳುವ ಹಾಗಿರಲಿಲ್ಲ. ಹನ್ನೆರಡು ವರ್ಷದಲ್ಲಿ ಇಂಥದೊಂದು ಸಂಗತಿಯನ್ನು ಅವನು ಮೊದಲು ಹೇಳಬೇಕಾಗಿದ್ದ ಮನುಷ್ಯ ಒಬ್ಬನೇ. ಆ ಹೊತ್ತಿನಲ್ಲಿ ಅವನು ಠಾಣೆಯಲ್ಲಿ ಸಾಂಬಾರು ರುಚಿ ನೋಡುತ್ತಿದ್ದ, ಬಹುಶಃ ಅರ್ಧ ಚಮಚ.

ಶನಿವಾರ ಪಾಳಿ ಮುಗಿಸಿ ಬಂದು ಮಹಾದೇವಪ್ಪ ಗುರುತುಗಳನ್ನೆಲ್ಲ ಅಳಿಸಿದ. ಫುಟ್‌ರೆಸ್ಟುಗಳನ್ನು ಹಿಂದಿನ ತೂತಿಗೆ ತಂದ. ಪ್ಲಗ್ಗು ಬದಲಿಸಿದ. ಟಾಂಕಿಗೆ ಹಿಂದಿದ್ದಷ್ಟೇ ಪೆಟ್ರೋಲು ತುಂಬಿದ. ಟಯರಿನ ಡಾಂಬರು ಒರೆಸಿ ಚಾಳಿನ ಧೂಳು ಹಚ್ಚಿದ. ವಿಭೂತಿ ಹೊಸದಾಗಿ ಎಳೆದ. ಬಾಗಿಲಲ್ಲಿ ನಿಂತು ನೋಡಿದ ಮಾನಮ್ಮ, "ಎಷ್ಟ್ ಚಂದ ಸುಳ್ಳು ಕಟ್ಟೀದಿ" ಎಂದಳು. "ನಾಳಿಗೆ ನಾ ಬರಂಗಿಲ್ಲ. ಭಟ್ಟಣ್ಣಾರ ಮಾರಿ ನೋಡಾಕ ನನಗಾಗಂಗಿಲ್ಲ."

ಭಾನುವಾರ ಭಟ್ಟ ಹೋಟೆಲನ್ನು ಅಡುಗೆಯವರ ಮೇಲೆ ಬಿಟ್ಟು ಬಂದ. ಹತ್ತು ವರ್ಷದಲ್ಲಿ ಬೆಳಗಿನ ರುಚಿ ನೋಡದೆ ಬಾಗಿಲು ತೆರೆದದ್ದು ಅದೇ ಮೊದಲು. ಹೊಸ ಕ್ಯಾನ್‌ವಾಸ್ ಬೂಟು, ಬಿಗಿಯಾದ ಕಪ್ಪು ಸ್ವೆಟರ್, ಕೈಯಲ್ಲಿ ಫ್ಲಾಸ್ಕಿನ ತುಂಬ ಕಾಫಿ. ಟೆಂಪೋದಿಂದ ಇಳಿದವನೇ ರಸ್ತೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, "ಎಂತ ರಸ್ತೆ ಮಾರಾಯ! ಉಪ್ಪು ಯಾಕೆ ಬೇಕು ನಮಗೆ" ಎಂದ. ಹಣಮಂತ್ರಾಯ ಚಾದರ ಮಡಚಿ ಹೆಗಲಿಗೆ ಹಾಕಿಕೊಂಡು ಬೇರೆ ಕಡೆ ನೋಡಿದ.

ಭಟ್ಟ ಬೈಕಿನ ಸುತ್ತ ಒಂದು ಸುತ್ತು ಬಂದ. ಅಭ್ಯಾಸದಂತೆ ಬಗ್ಗಿ, ಹೊಗೆಕೊಳವೆಯ ತುದಿಗೆ ಬೆರಳು ಸವರಿ ಮೂಗಿಗೆ ಹಿಡಿದ.

ಬೆರಳನ್ನು ಬೆಳಕಿಗೆ ತಂದು ನೋಡಿದ. ಇನ್ನೊಮ್ಮೆ ಒಳಗೆ ಹಾಕಿ ಉಗುರಿನಿಂದ ಕೆರೆದ. ಮೂಸಿದ.

"ಮಹಾದೇವ" ಎಂದ, "ಈ ಎಣ್ಣೆ ಕಾದಿದೆ."

"ಗುರುವಾರ ಶುರು ಮಾಡಿದ್ನಲ್ಲ, ನಿಂತಲ್ಲೇ."

"ನಿಂತಲ್ಲಿ ಓಡಿದರೆ ಹಸಿಯಾಗಿ ಹಳದಿ ಬರ್ತದೆ. ಹತ್ತು ವರ್ಷ ನೋಡಿದ್ದೇನಲ್ಲ ನಾನು. ಇದು ಒಣಗಿದೆ. ಕಂದು. ಬೋಂಡಾದ ಬಾಣಲೆ ಪೂರಾ ಹೊಗೆಯಾಡಿದ ಮೇಲೆ ಅಂಚಿಗೆ ಹಿಡೀತದಲ್ಲ, ಹಾಗೆ." ಬೆರಳನ್ನು ಕರವಸ್ತ್ರಕ್ಕೆ ಒರೆಸಿದ. "ಯಾರು ಓಡಿಸಿದ್ದು?"

ಫುಟ್‌ರೆಸ್ಟು, ಪ್ಲಗ್ಗು, ಟಯರಿನ ಧೂಳು, ಎಲ್ಲವೂ ನೆನಪಿತ್ತು ಮಹಾದೇವಪ್ಪನಿಗೆ. ಕೊಳವೆಯ ಒಳಗನ್ನು ಒರೆಸಲು ನೆನಪಾಗಿರಲಿಲ್ಲ.

"ಕಾಕಾ, ಮೀ" ಎಂದಳು ಪ್ರಭಾ.

"ಅಕೀದೇನ್ ತಪ್ಪಿಲ್ಲ" ಎಂದ ಮಹಾದೇವಪ್ಪ. "ನಾ ಕೂಡಿಸಿದೆ."

ಭಟ್ಟ ಸುಣ್ಣ ಬಳಿದ ಪ್ಲಾಟಿನ ಕಲ್ಲಿನ ಮೇಲೆ ಕೂತ. ಫ್ಲಾಸ್ಕು ತೆರೆದು ಮುಚ್ಚಳಕ್ಕೆ ಕಾಫಿ ಬಗ್ಗಿಸಿಕೊಂಡು ಕುಡಿದ. ಯಾರಿಗೂ ಕೊಡಲಿಲ್ಲ. ಗಿರಾಕಿಗಳಿಗೆ ಮೊದಲು ಕೊಡದೆ ತಾನು ಕುಡಿದದ್ದನ್ನು ಮಹಾದೇವಪ್ಪ ಎಂದೂ ನೋಡಿರಲಿಲ್ಲ.

"ಎಷ್ಟಾಯಿತು?"

"ಇಪ್ಪತ್ತೊಂಬತ್ತು. ಎರಡು ಗೆರಿ."

"ಇಪ್ಪತ್ತೊಂಬತ್ತು" ಎಂದ ಭಟ್ಟ. ಒಂದು ಗಳಿಗೆ ಅವನ ಮುಖ ಅರಳಿಯೇಬಿಟ್ಟಿತು, ಹೊಯ್ದ ಹನ್ನೆರಡನೆಯ ಪಿಸ್ಟನ್ನು ಗಟ್ಟಿಯಾಗಿ ಬಂದಾಗ ಅರಳಿದ ಹಾಗೆ. ಆಮೇಲೆ ಅದು ಮುಚ್ಚಿಕೊಂಡಿತು. "ಕೇಳಿದ್ದರೆ ನಾನು ಬೇಡ ಅಂತಿದ್ದೆನಾ ಮಾರಾಯ?"

"ಇಲ್ಲ."

"ಮತ್ತೆ ಕೇಳಲಿಲ್ಲ ಯಾಕೆ?"

"ನೀ ಒಂದು ಕಿಲೋ ಇಳಿಸಿದ್ದಿ" ಎಂದ ಮಹಾದೇವಪ್ಪ. ಅದಕ್ಕಿಂತ ನಿಜವಾದ ಉತ್ತರ ಇರಲಿಲ್ಲ.

ಭಟ್ಟ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿದ. ಆಮೇಲೆ ಪ್ರಭಾಳನ್ನು ಹತ್ತಿರ ಕರೆದ. "ಹೇಗಿತ್ತು? ಮೂರನೇ ಗೇರಿನಲ್ಲಿ ಹೇಗಾಗ್ತದೆ?"

ಅವಳು ಪಕ್ಕದಲ್ಲಿ ಕೂತು ಹೇಳಿದಳು. ಗಾಳಿ ಮೊದಲು ಎದೆಗೆ ಒದೆಯುತ್ತದೆ, ಆಮೇಲೆ ಮಲಗಿದರೆ ಬೆನ್ನಿನ ಮೇಲೆ ಹೋಗುತ್ತದೆ, ಕಿವಿ ಮುಚ್ಚಿಹೋಗುತ್ತದೆ, ಆಗ ಎಂಜಿನ್ನು ಕೇಳಿಸುವುದಿಲ್ಲ, ಹೊಟ್ಟೆಯಲ್ಲಿ ಮಾತ್ರ ಗೊತ್ತಾಗುತ್ತದೆ. ಮೊದಲು ಮರಾಠಿಯಲ್ಲಿ ಶುರುಮಾಡಿದವಳು, ಅವನ ಮುಖ ನೋಡಿ, ತಡವರಿಸುತ್ತಾ ಕನ್ನಡಕ್ಕೆ ಬಂದಳು. ಅವಳ ಬಾಯಿಂದ ಅಷ್ಟುದ್ದ ಕನ್ನಡವನ್ನು ಅಪ್ಪನೂ ಕೇಳಿರಲಿಲ್ಲ. ಭಟ್ಟ ಒಂದೊಂದು ಮಾತಿಗೂ ತಲೆಯಾಡಿಸಿದ.

ಆಮೇಲೆ ಎದ್ದು ಬೂಟಿನ ಲೇಸು ಬಿಗಿದುಕೊಂಡ. "ಹಣಮಂತ್ರಾಯ, ಚಾದರ ಹಿಡಿಯಪ್ಪ."

ಅವನು ಓಡಿಸಿದ. ಮೂವತ್ತೆರಡು, ಮೇಲೆ ಒಂದು ಗೆರೆ. ಎರಡನೆಯ ಸುಣ್ಣದ ಗೆರೆ ದಾಟಿ ನೂರು ಗಜ ಹೋಗುವಷ್ಟರಲ್ಲಿ ಎಂಜಿನ್ನಿನ ಒಳಗೆ ಏನೋ ಮುರಿದ ಸದ್ದಾಗಿ ಹಿಂದಿನ ಚಕ್ರ ಕಚ್ಚಿಕೊಂಡಿತು. ಭಟ್ಟ ಬೀಳಲಿಲ್ಲ, ಕ್ಲಚ್ಚು ಹಿಡಿದು ನಿಲ್ಲಿಸಿದ. ನಾಲ್ವರೂ ಅದನ್ನು ಎತ್ತಿ ಟೆಂಪೋಗೆ ಹಾಕಿದರು. ದಾರಿಯುದ್ದಕ್ಕೂ ಭಟ್ಟ ಹಿಂಬದಿಯಲ್ಲಿ, ಅದರ ಹ್ಯಾಂಡಲ್ಲು ಹಿಡಿದುಕೊಂಡೇ ಕೂತಿದ್ದ.

ಎಂಜಿನ್ನು ಮತ್ತೆ ರುಬ್ಬುಕಲ್ಲುಗಳ ನಡುವೆ ಹೋಗಿ ಕೂತಿತು. ಆ ವರ್ಷದ ಕೊನೆಗೆ ಕರೆಂಟಿನ ಗ್ರೈಂಡರು ಬಂದಾಗ ಕಲ್ಲುಗಳ ಜೊತೆಗೆ ಗೋಣಿಚೀಲದ ಕೆಳಗೆ. ಮಹಾದೇವಪ್ಪ ಶುಕ್ರವಾರ ಹೋಗುವುದನ್ನು ಬಿಡಲಿಲ್ಲ, ಭಟ್ಟ ದೋಸೆ ಕೊಡುವುದನ್ನು ಬಿಡಲಿಲ್ಲ. ಮಳೆ, ಟ್ರೇನು, ಸೊಂಟನೋವು, ಹಣಮಂತ್ರಾಯನ ಹೊಸ ಟೆಂಪೋ, ಎಲ್ಲದರ ಮಾತೂ ಬರುತ್ತಿತ್ತು. ಎಂಜಿನ್ನಿನ ಮಾತನ್ನು ಇಬ್ಬರಲ್ಲಿ ಯಾರೂ ಎತ್ತಲಿಲ್ಲ. ಗಲ್ಲಾದ ಮೇಲೆ ಚಿತ್ರವಿದ್ದ ಜಾಗಕ್ಕೆ ಒಂದು ಬ್ಯಾಂಕಿನ ಕ್ಯಾಲೆಂಡರ್ ಬಂತು. ಪ್ರಭಾಳನ್ನು ಮಾತ್ರ ಭಟ್ಟ ಅಂದಿನಿಂದ ಹೆಸರು ಹಿಡಿದು ಕರೆಯಲಿಲ್ಲ. ಅವಳು ಹೋಟೆಲಿಗೆ ಬಂದರೆ ಗಲ್ಲಾದಿಂದಲೇ ಕೂಗುತ್ತಿದ್ದ, "ಇಪ್ಪತ್ತೊಂಬತ್ತು ಬಂದಳು, ಒಂದು ಶಿರಾ ಕೊಡಿ." ಎಂಬತ್ತೆಂಟರಲ್ಲಿ ಅವಳ ಮದುವೆಯ ಊಟದ ಉಸ್ತುವಾರಿಯನ್ನು ತಾನೇ ಹೊತ್ತು, ಎಲ್ಲ ಅಡುಗೆಯನ್ನೂ ತಾನೇ ರುಚಿ ನೋಡಿದ.

1972ರ ದೀಪಾವಳಿಯ ಮರುದಿನ ಮಹಾದೇವಪ್ಪ ಕೊಟ್ಟ ಮಾತು 1985ರ ಫೆಬ್ರವರಿ ಹದಿನೈದರ ಶುಕ್ರವಾರ ಬೆಳಿಗ್ಗೆ ಏಳೂಕಾಲಕ್ಕೆ ಮುರಿದಿತ್ತು. ಮುರಿದವನು ಅವನೇ.